ಬನ್ನಿ ಅಂದೆ, ಹನ್ನೊಂದು ಜನ ಬಂದರು

ಕಳೆದ ಭಾನುವಾರ ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಅಂಗಳದಲ್ಲಿ ಹನ್ನೊಂದು ಜನ ನಿಂತಿದ್ದರು. ಎಲ್ಲರ ಕಾಲಲ್ಲೂ ಶೂ. ಒಬ್ಬರ ಕೈಯಲ್ಲಿ ಛತ್ರಿ, ಇನ್ನೊಬ್ಬರ ತಲೆಗೆ ಮಂಕಿ ಕ್ಯಾಪ್.

"ಸರ್, ವಾಕಿಂಗ್ ಕರ್ಕಂಡು ಹೋಗ್ತೀನಿ ಅಂತ ಬರೆದಿದ್ರಲ್ಲ, ಬಂದ್ವಿ" ಅಂದರು ಮುಂದೆ ನಿಂತವರು.

ಬರೆದಿದ್ದೆನೇ? ಬರೆದಿದ್ದೆ. ಇದೇ ಅಂಕಣದಲ್ಲಿ, ಅದರ ಹಿಂದಿನ ವಾರ.

ಅದಕ್ಕೆ ಕಾರಣ ನನ್ನ ಸ್ನೇಹಿತ ಚಂದ್ರಪ್ಪ. ಬ್ಯಾಂಕಿನಿಂದ ರಿಟೈರ್ ಆದವನು, ಟೂರ್ ಪ್ಯಾಕೇಜಿನಲ್ಲಿ ಇಂಗ್ಲೆಂಡಿಗೆ ಹೋಗಿ ಬಂದ. ಬರುವಾಗ ಅಲ್ಲಿನ ಯಾವುದೋ ಹಳ್ಳಿಯ ಒಂದು ಮಡಚಿದ ಹಾಳೆ ತಂದ. ಊರ ಸುತ್ತ ಐದು ದಾರಿ, ಐದಕ್ಕೂ ಮ್ಯಾಪು, ಎಲ್ಲದರ ಮೇಲೂ 'ಸುಲಭ ನಡಿಗೆ' ಎಂಬ ಮುದ್ರೆ. "ದಾರಿ ಹೊಲದ ಮಧ್ಯೆನೇ ಹೋಗ್ತೈತೆ ಕಣೋ. ಯಾರೂ ತಡೆಯಂಗಿಲ್ಲ, ಕಾನೂನೇ ಐತೆ. ನಮ್ಮಲ್ಲಿ ಐತಾ?" ಅಂತ ಚನ್ನಗಿರಿಯ ಹೋಟೆಲಿನಲ್ಲಿ ನಾಲ್ಕು ಜನರ ಮುಂದೆ ಕೇಳಿಬಿಟ್ಟ.

ನನಗೆ ಮೈ ಉರಿಯಿತು. ಸೂಳೆಕೆರೆ ಪಕ್ಕದ ಊರಿನವನು ನಾನು. ನಮ್ಮೂರಿನಿಂದ ಕೆರೆ ಏರಿಗೆ ಮೂರು ಕಿಲೋಮೀಟರ್ ಕಾಲುದಾರಿ. ಚಾನಲ್ ದಂಡೆ, ಗದ್ದೆ ಬದು, ಜೋಳದ ಹೊಲ, ಕೊನೆಗೆ ಕಣ್ಣು ಹಾಯಿಸಿದಷ್ಟೂ ನೀರು. ಚಿಕ್ಕಂದಿನಲ್ಲಿ ಅದರಲ್ಲೇ ಓಡಾಡಿ ಬೆಳೆದವನು. ಕೋಪದಲ್ಲಿ ಒಂದು ಅಂಕಣವನ್ನೇ ಬರೆದೆ. ನಮ್ಮ ದಾರಿಯನ್ನು ತಡೆಯುವವರು ಇವತ್ತಿಗೂ ಹುಟ್ಟಿಲ್ಲ ಎಂದೆ. ಕೊನೆಗೆ ಒಂದು ಜೋರು ಸಾಲು ಇರಲಿ ಅಂತ 'ನಂಬಿಕೆ ಇಲ್ಲದವರು ಭಾನುವಾರ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ' ಎಂದೂ ಸೇರಿಸಿದೆ.

ಬೇರೆ ಕಡೆ ಹೇಗೋ ಗೊತ್ತಿಲ್ಲ, ನಮ್ಮ ಕಡೆ ಬನ್ನಿ ಅಂದರೆ ಬರುತ್ತಾರೆ!

ಹೊನ್ನಾಳಿಯ ಬಸ್ ಡ್ರೈವರ್ ಒಬ್ಬರು ಬಂದಿದ್ದರು. ಆಯುಷ್ಯವೆಲ್ಲ ಜನರನ್ನು ಕೂರಿಸಿಕೊಂಡೇ ಓಡಾಡಿದ್ದಾಯಿತು, ಈಗ ನಡೆಯೋಣ ಅನ್ನಿಸಿತಂತೆ. ನ್ಯಾಮತಿಯಿಂದ ಒಂದೇ ಮನೆಯ ಐದು ಜನ. ಜಗಳೂರಿನ ಟೀಚರಮ್ಮ ಹಿಂದಿನ ದಿನವೇ ಬಂದು ಚನ್ನಗಿರಿಯ ನೆಂಟರ ಮನೆಯಲ್ಲಿ ಉಳಿದು, ಬರುವಾಗ ಆ ನೆಂಟರಲ್ಲೂ ಮೂವರನ್ನು ಹೊರಡಿಸಿಕೊಂಡು ಬಂದಿದ್ದರು. ಹನ್ನೊಂದನೆಯವನು ಚಂದ್ರಪ್ಪ. ಜೇಬಿನಲ್ಲಿ ಆ ಹಾಳೆ ಬೇರೆ. "ಕೊನೇವರೆಗೂ ದಾರಿ ಐತೋ ಇಲ್ವೋ ನೋಡೇ ಬಿಡಾನ" ಅಂದ.

ಒಳಗಿನಿಂದ ನನ್ನ ಹೆಂಡತಿ ಕರೆದಳು. "ಬರೆಯಾಕೆ ಮುಂಚೆ ನನ್ನ ಒಂದು ಮಾತು ಕೇಳಬಾರದಾ? ರವೆ ಅರ್ಧ ಕೆಜಿ ಐತೆ ಅಷ್ಟೆ." ಆದರೂ ಅರ್ಧ ಗಂಟೆಯಲ್ಲಿ ಹನ್ನೆರಡು ತಟ್ಟೆ ಉಪ್ಪಿಟ್ಟು ಹೊರಗೆ ಬಂತು. (ಹೇಗೆ ಅಂತ ನಾನು ಕೇಳಲಿಲ್ಲ. ಮೂವತ್ತೈದು ವರ್ಷ ಸಂಸಾರ ಮಾಡಿದವನು ಕೇಳುವುದಿಲ್ಲ.)

ಈಗ ನಿಮ್ಮ ಹತ್ತಿರ ಮಾತ್ರ ಒಂದು ನಿಜ ಹೇಳುತ್ತೇನೆ. ಆ ದಾರಿಯಲ್ಲಿ ನಾನು ನಡೆದು ಹದಿನೈದು ವರ್ಷವಾಗಿತ್ತು. ಸ್ಕೂಟರ್ ಬಂದ ಮೇಲೆ ಹಾಲಿಗೂ ಸ್ಕೂಟರ್, ಹೊಲಕ್ಕೂ ಸ್ಕೂಟರ್. ದಾರಿ ಇದ್ದೇ ಇರುತ್ತದೆ ಅಂದುಕೊಂಡಿದ್ದೆ. ಇಲ್ಲದಿದ್ದರೆ? ಹನ್ನೊಂದು ಜನರ ಮುಂದೆ ನನ್ನ ಮಾತು ನೀರಿನ ಪಾಲು, ಊರಿನ ಮರ್ಯಾದೆಯೂ ಅದರ ಜೊತೆಗೇ.

ಹೊರಟೆವು. ನಮ್ಮ ಕಡೆ ಸುಮ್ಮನೆ ನಡೆಯುವುದು ಎಷ್ಟು ಕಷ್ಟ ಗೊತ್ತೇ? ಊರು ದಾಟುವಷ್ಟರಲ್ಲಿ ನಾಲ್ಕು ಬೈಕು ನಿಂತವು. "ಯಾಕ್ರಿ ಮೇಷ್ಟ್ರೇ, ಗಾಡಿ ಕೆಟ್ಟೈತಾ? ಹತ್ರಿ." ಕೆಟ್ಟಿಲ್ಲ, ನಡೆಯಲು ಹೊರಟಿದ್ದೇವೆ ಅಂದರೆ ಯಾರೂ ನಂಬುವುದಿಲ್ಲ. ಒಬ್ಬನಂತೂ ಟೀಚರಮ್ಮನನ್ನಾದರೂ ಬಿಟ್ಟು ಬರುತ್ತೇನೆ ಅಂತ ಹಟ ಹಿಡಿದ. ಕಟ್ಟೆ ಮೇಲೆ ಕುಳಿತಿದ್ದ ಅಜ್ಜ ನಮ್ಮ ಗುಂಪನ್ನು ನೋಡಿ ಎದ್ದು ನಿಂತು, ಟವೆಲ್ ಹೆಗಲಿಗೆ ಹಾಕಿಕೊಂಡು, ಮೆಲ್ಲಗೆ ಕೇಳಿದ. "ಯಾರು ಹೋದ್ರು?"

ಇಷ್ಟು ಜನ ಒಟ್ಟಿಗೆ ನಡೆದರೆ ಮಣ್ಣಿಗೇ ಹೊರಟಿರಬೇಕು ಎಂಬುದು ಅಜ್ಜನ ಲೆಕ್ಕ. ಯಾರೂ ಹೋಗಿಲ್ಲ ಅಂತ ತಿಳಿದ ಮೇಲೂ ಎರಡು ಹೆಜ್ಜೆ ಜೊತೆಗೆ ಬಂದ.

ಚಾನಲ್ ದಂಡೆ ಹಾಗೇ ಇತ್ತು. ಬದು ಹಾಗೇ ಇತ್ತು. ಭತ್ತ ಮೊಣಕಾಲೆತ್ತರ. ಬೆಳ್ಳಕ್ಕಿಗಳು ನಮ್ಮನ್ನು ಕ್ಯಾರೇ ಅನ್ನಲಿಲ್ಲ. ಟೀಚರಮ್ಮ ಚಪ್ಪಾಳೆ ತಟ್ಟುವುದೊಂದು ಬಾಕಿ. ನಾನು ಚಂದ್ರಪ್ಪನ ಕಡೆ ಒಂದೊಂದು ತಿರುವಿಗೂ ನೋಡುತ್ತಿದ್ದೆ. ಅವನು ಭತ್ತದ ಕಡೆ ನೋಡುತ್ತಿದ್ದ.

ಆಮೇಲೆ ಅಡಿಕೆ ತೋಟ ಎದುರಾಯಿತು. ನನ್ನ ಕಾಲದಲ್ಲಿ ಇಲ್ಲಿ ಜೋಳದ ಹೊಲವಿತ್ತು. ತೋಟದಲ್ಲಿ ಒಂಬತ್ತು ಅಡಿಗೊಂದು ಗಿಡ, ಸಾಲು ಹಿಡಿದು ನೆಟ್ಟಿರುತ್ತಾರೆ. ನಮ್ಮ ದಾರಿ ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗುತ್ತಿತ್ತು. ಅದನ್ನು ಉಳಿಸುವವರು ಯಾರು?

ಉಳಿಸಿದ್ದರು. ತೋಟದ ನಟ್ಟನಡುವೆ, ಸಾಲುಗಳನ್ನೆಲ್ಲ ಕತ್ತರಿಸಿಕೊಂಡು, ಬೈತಲೆ ತೆಗೆದ ಹಾಗೆ ದಾರಿ. ಅಡ್ಡ ಬಂದ ಕಡೆಯೆಲ್ಲ ಗಿಡವನ್ನೇ ನೆಟ್ಟಿರಲಿಲ್ಲ. ಡ್ರಿಪ್ ಪೈಪುಗಳನ್ನೂ ಕಾಲಿಗೆ ಸಿಗದಂತೆ ಮಣ್ಣಿನಲ್ಲಿ ಹೂತಿದ್ದರು.

ತೋಟದ ಒಡತಿ ಗಂಗಕ್ಕ ಸೋಗೆ ಎಳೆಯುತ್ತಿದ್ದವರು ಬಂದರು. ಎಪ್ಪತ್ತರ ಹತ್ತಿರದ ಜೀವ. ಬದುವಿನ ಮೇಲೆ ದಾರಿ ತಿರುಗಿಸಿದ್ದರೆ ಎಷ್ಟೋ ಗಿಡ ಹಿಡಿಯುತ್ತಿತ್ತಲ್ಲ ಅಂತ ಡ್ರೈವರ್ ಕೇಳಿದರು.

"ಹಿಡೀತಿತ್ತು" ಅಂದರು ಗಂಗಕ್ಕ. "ಆದ್ರೆ ಸುತ್ತಾಕಂಡು ಹೋಗೋರು ಬಯ್ಕಂಡು ಹೋಗ್ತಾರಲ್ರಿ. ದಿನಾ ಬಯ್ಸ್ಕಂಡ ತೋಟ ಬೆಳೀತೈತಾ?"

ಯಾವ ಕಾನೂನಿನಲ್ಲಿದೆ ಈ ಮಾತು? ನನ್ನ ಎದೆ ಎರಡು ಇಂಚು ಉಬ್ಬಿತು. ಚಂದ್ರಪ್ಪ ಟೋಪಿ ತೆಗೆದ. "ನೋಡಿದೆಯಾ?" ಅಂದೆ. "ನೋಡಿದೆ ಮಾರಾಯ" ಅಂದ.

ಗಂಗಕ್ಕ ಮಾತ್ರ ನನ್ನ ಮುಖ ಒಮ್ಮೆ ನೋಡಿ, "ಮುಂದೆ ತಂತಿ ಐತೆ, ಹುಷಾರು" ಅಂದು ಮನೆಯೊಳಗೆ ಹೋದರು. ಒಂದು ಟಿಫಿನ್ ಡಬ್ಬಿ ಹಿಡಿದು ಬಂದು ನಮ್ಮ ಹಿಂದೆಯೇ ನಡೆದರು.

ನೂರು ಹೆಜ್ಜೆಗೆ ತಂತಿ ಸಿಕ್ಕಿತು. ಕಲ್ಲುಕಂಬ, ಮುಳ್ಳುತಂತಿ, ಐದು ಸುತ್ತು. ದಾರಿ ಅದರ ಬುಡಕ್ಕೆ ಬಂದು ನಿಂತಿತ್ತು. ಆ ಕಡೆಯೂ ದಾರಿಯ ಗುರುತು ಇತ್ತು, ಹುಲ್ಲು ಬೆಳೆದಿತ್ತು. ದೂರದಲ್ಲಿ ಕೆರೆ ಏರಿ ಕಾಣುತ್ತಿತ್ತು, ಅಷ್ಟೆ.

"ಯಾವನೋ ಪುಣ್ಯಾತ್ಮ ಇವ್ನು" ಅಂದರು ಡ್ರೈವರ್. ನ್ಯಾಮತಿಯವರು ಇನ್ನೂ ಸ್ವಲ್ಪ ಖಾರವಾಗಿ ಅಂದರು. ನಾನು ಹಿಂದೆ ಬಿದ್ದೆನೇ? ಊರಿನ ಹೆಸರು ಕೆಡಿಸಲು ಇಂಥವನೊಬ್ಬ ಸಾಕು, ಗೇಣು ಜಾಗಕ್ಕೆ ನೂರು ಜನರ ದಾರಿ ನುಂಗುತ್ತಾನೆ, ನಾಚಿಕೆ ಅನ್ನುವುದು ಇರಬೇಕು, ಹೀಗೆ ಸರಿಯಾಗಿ ಎರಡು ನಿಮಿಷ ಭಾಷಣ ಮಾಡಿದೆ. ಮಾಡುತ್ತಾ ಕೈ ಎತ್ತಿ ಆ ಹೊಲವನ್ನು ತೋರಿಸಿದೆ.

ತೋರಿಸಿದ ಕಡೆ ನೀಲಿ ಬಣ್ಣದ ಮೋಟರ್ ಮನೆ ಇತ್ತು. ಆ ನೀಲಿಯನ್ನು ಆರಿಸಿದವನು ನಾನೇ.

ನಮ್ಮ ಹೊಲ! ಸ್ಕೂಟರ್ ಬಂದ ಮೇಲೆ ಕೊಂಡದ್ದು. ನಾನು ಹೋಗುವುದೆಲ್ಲ ಆಚೆಯ ಟಾರ್ ರಸ್ತೆಯಿಂದ, ಸ್ಕೂಟರಿನಲ್ಲಿ, ಗೇಟಿನವರೆಗೆ. ಹಿಂಬದಿಯಿಂದ ಅದು ಹೇಗೆ ಕಾಣುತ್ತದೆ ಅಂತ ನೋಡಿದವನೇ ಅಲ್ಲ. ಹೋದ ಬೇಸಿಗೆಯಲ್ಲಿ ಹಂದಿ ಕಾಟ ಅಂತ ತಮ್ಮ ಕುಮಾರ ಫೋನು ಮಾಡಿದಾಗ, ಸುತ್ತ ಬೇಲಿ ಹಾಕಿಸು ಅಂದಿದ್ದೆ. ಏನೋ ಬರೆಯುತ್ತಿದ್ದೆ, ಬೇಗ ಇಟ್ಟಿದ್ದೆ.

"ಯಾರದು ಗಂಗಕ್ಕ ಇದು?" ಚಂದ್ರಪ್ಪ ಕೇಳಿದ.

ಗಂಗಕ್ಕ ತಂತಿಯನ್ನೇ ನೋಡುತ್ತಾ ಹೇಳಿದರು. "ಯಾರದೋ. ರಸ್ತೆ ಕಡೆ ನಿಂತ್ಕಂಡು ಹಾಕ್ಸ್ಯಾರೆ. ಈ ಕಡೆ ಬಂದು ನೋಡಿದ್ರೆ ಹಾಕ್ಸ್ತಿರಲಿಲ್ಲ ಬಿಡ್ರಿ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದೆ ಕೂಡ. ಆಮೇಲೆ ಆಗಲಿಲ್ಲ.

"ನಂದೇ" ಅಂದೆ.

ಕುಮಾರನಿಗೆ ಫೋನು ಮಾಡಿ, ಕಟಿಂಗ್ ಪ್ಲೇಯರ್ ತೆಗೆದುಕೊಂಡು ಬಾ ಅಂದೆ.

"ಒಂದು ಕಡೆನೂ ಬಿಡಬೇಡ ಅಂತ ನೀನೇ ಹೇಳಿದ್ದಲ್ಲಣ್ಣ" ಅಂದ. "ಗಂಗಕ್ಕ ಎರಡು ಸಲ ಬಂದಿದ್ರು. ಅವರ ಅಕ್ಕ ಏರಿ ಪಕ್ಕ ಹಾಸಿಗೆ ಹಿಡಿದಾರೆ, ದಿನಾ ಊಟ ತಗಂಡು ಹೋಗಾಕೆ ಇದೇ ದಾರಿ ಅಂದ್ರು. ಅಣ್ಣನ್ನ ಕೇಳ್ರಿ ಅಂದಿದ್ದೆ. ಕೇಳಿಲ್ವಾ?"

ಬಂದಿದ್ದರು. ನನಗೆ ಚೆನ್ನಾಗಿ ನೆನಪಿದೆ. ಮಳೆಗಾಲದ ಮೊದಲು ಒಂದು ದಿನ ಬಂದು, ಜಗಲಿಯಲ್ಲಿ ಕುಳಿತು, ಟೀ ಕುಡಿದು, ನನ್ನ ಸಕ್ಕರೆ ಕಾಯಿಲೆ ವಿಚಾರಿಸಿದ್ದರು. ನಮ್ಮಲ್ಲಿ ಕಷ್ಟದ ಮಾತು ಕೇಳಲು ಬಂದವರು ಮೊದಲು ಆರೋಗ್ಯ ಕೇಳುತ್ತಾರೆ. ಆಮೇಲಿನ ಮಾತಿಗೆ ಎದುರಿನವರು ಎರಡು ನಿಮಿಷ ಕುಳಿತಿರಬೇಕು, ಅಷ್ಟೆ. ನಾನು ಅಂಕಣ ಬರೆಯಬೇಕು ಅಂತ ಎದ್ದು ಒಳಗೆ ಹೋಗಿದ್ದೆ. ಅಂದಿನಿಂದ ಆ ಹೆಂಗಸು ಡಬ್ಬಿ ಹಿಡಿದು ಟಾರ್ ರಸ್ತೆಯಲ್ಲಿ ಐದು ಕಿಲೋಮೀಟರ್ ಸುತ್ತಿದ್ದಾರೆ. ತನ್ನ ತೋಟದ ದಾರಿಯನ್ನು ಮಾತ್ರ ಮುಚ್ಚಿರಲಿಲ್ಲ.

ಕುಮಾರ ಬಂದ. ಡ್ರೈವರ್ ಕೈ ಹಾಕಿದರು. ಚಂದ್ರಪ್ಪನೂ ಶರ್ಟಿನ ತೋಳು ಮಡಚಿದ. ಹತ್ತು ನಿಮಿಷದಲ್ಲಿ ಎರಡು ಕಂಬದ ನಡುವಿನ ತಂತಿ ನೆಲಕ್ಕೆ ಬಿತ್ತು. ಹಂದಿಗೆ ಏನಾದರೂ ಬೇರೆ ಉಪಾಯ ಮಾಡೋಣ ಅಂದೆ. ಗಂಗಕ್ಕ ಸೆರಗು ಸರಿಮಾಡಿಕೊಂಡು ಎಲ್ಲರಿಗಿಂತ ಮುಂದೆ ದಾಟಿ ಹೋದರು. ಒಮ್ಮೆಯೂ ತಿರುಗಿ ನೋಡಲಿಲ್ಲ, ಅಕ್ಕನ ತಿಂಡಿಗೆ ಹೊತ್ತಾಗಿತ್ತು.

ಏರಿ ಹತ್ತಿದೆವು. ಇಡೀ ಸೂಳೆಕೆರೆ ಬೆಳಗಿನ ಬಿಸಿಲಿಗೆ ಮೈ ಚಾಚಿ ಮಲಗಿತ್ತು. ಟೀಚರಮ್ಮ ತಮ್ಮ ಶಾಲೆಯ ಮಕ್ಕಳನ್ನೆಲ್ಲ ಇದೇ ದಾರಿಯಲ್ಲಿ ನಡೆಸಿ ಕರೆದುಕೊಂಡು ಬರುತ್ತೇನೆ ಅಂದರು. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ? ಕಾಲು ನೋಯುತ್ತಿತ್ತು, ಮುಖ ಸಪ್ಪಗಾಗಿತ್ತು, ಆದರೂ ಹೆಮ್ಮೆಯಾಯಿತು.

ವಾಪಸ್ಸು ಬರುವಾಗ ಗಂಗಕ್ಕ ಒಬ್ಬರೇ ಸಿಕ್ಕರು. ಎಲ್ಲರ ಮುಂದೆ ನನ್ನ ಹೆಸರು ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಪರಸ್ಥಳದೋರು ನಮ್ಮೂರು ನೋಡಾಕೆ ಬಂದಿದ್ರು. ಅವರ ಮುಂದೆ ನಮ್ಮೂರಿನ ಮೇಷ್ಟ್ರ ಹೆಸರು ಹೆಂಗೆ ಹೇಳಲಿ?" ಅಂದು ತೋಟದ ಕಡೆ ತಿರುಗಿದರು.

ಊರಿನ ಹೆಮ್ಮೆಯನ್ನು ವಾರ ವಾರ ಬರೆಯುವವನು ನಾನು. ಅದನ್ನು ಕಾಯುತ್ತಿರುವವರು ಯಾರು?