ಆಷಾಢಕ್ಕೂ ತೆಗೆಯದ ಮಾಲೆ

ಮೊನ್ನೆ ಶಾಪಿನಲ್ಲಿ ಸ್ಪ್ಯಾನರ್ ಕೈಜಾರಿ ನೆಲಕ್ಕೆ ಬಿತ್ತು. ಗುಂಯ್ ಎಂದ ಆ ಸದ್ದಿಗೆ ಹಳೆಯದೊಂದು ನೆನಪಾಯಿತು. ಸಾಗರದ ಡಾಕ್ಟ್ರಮ್ಮ ನರ ಪರೀಕ್ಷಿಸಲು ಇಂಥದೇ ಸದ್ದಿನ ಉಕ್ಕಿನ ಕವಲುಕಡ್ಡಿ ಮೀಟಿ ನನ್ನ ಕಾಲಿನ ಹೆಬ್ಬೆರಳಿಗೆ ಇಡುತ್ತಿದ್ದರು. "ಅದುರೋದು ಗೊತ್ತಾಗ್ತಾ?" ಗೊತ್ತಾಗದಿದ್ದರೂ ಹೂಂ ಅನ್ನುತ್ತಿದ್ದೆ...

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಹೊಸನಗರದಲ್ಲಿ ಸ್ವಂತ ವೆಲ್ಡಿಂಗ್ ಶಾಪ್ ಹಾಕಿದವನು, ಯಾರ ಮುಂದೂ ತಲೆ ತಗ್ಗಿಸಿದವನಲ್ಲ. ಮೂವತ್ತೆಂಟನೇ ವಯಸ್ಸಿಗೆ ಕಾಲು ಎಳೆಯತೊಡಗಿತು. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿ ಎಂ.ಎಸ್. ಅಂದರು. ವೈರಿನ ಮೇಲಿನ ರಬ್ಬರ್ ಸುಲಿದ ಹಾಗೆ ನರದ ಹೊದಿಕೆ ಹಾಳಾಗುವ ಕಾಯಿಲೆ ಅಂತ ನನಗೆ ತಿಳಿಯುವ ಹಾಗೆ ಹೇಳಿದವರು ಡಾಕ್ಟ್ರಮ್ಮನೇ.

ಕಾಲಿನದು ಊರಿಗೆಲ್ಲ ಕಾಣುತ್ತಿತ್ತು. ಕಾಣದ್ದು ಇನ್ನೊಂದು. ಹೆಂಡತಿಯ ಪಕ್ಕ ಮಲಗಿದರೆ ಆಸೆಯೇನೋ ಇತ್ತು, ಮೈ ಮಾತ್ರ ಏಳುತ್ತಿರಲಿಲ್ಲ. ಬಾಯಿಬಿಟ್ಟು ಹೇಳುವುದುಂಟೇ? ಆ ವರ್ಷ ಶಬರಿಮಲೆಗೆ ಮಾಲೆ ಹಾಕಿದೆ. ವ್ರತದಲ್ಲಿ ಬೇರೆ ಚಾಪೆ, ಯಾರೂ ಯಾಕೆ ಅನ್ನುವಂತಿಲ್ಲ. ಕಾಲಿನ ದೆಸೆಯಿಂದ ಬೆಟ್ಟಕ್ಕೆ ಹೋಗಲಾಗಲಿಲ್ಲ. ಸಂಕ್ರಾಂತಿ ಕಳೆದು ಎಲ್ಲರೂ ಮಾಲೆ ತೆಗೆದರೂ, ಹೋಗಿ ಬರುವ ತನಕ ತೆಗೆಯಲ್ಲ ಎಂದು ಹಟ ಹಿಡಿದೆ. ತಿಂಗಳುಗಟ್ಟಲೆ ಹೆಂಡತಿ "ಸ್ವಾಮಿ, ಊಟ" ಅನ್ನುತ್ತಿದ್ದಳು, ಮುಖ ನೋಡದೆ.

"ಏನ್ ಸ್ವಾಮಿ, ಆಷಾಢ ಬಂತು, ಇನ್ನೂ ಮಾಲೆನಾ?" ಎಂದು ಡಾಕ್ಟ್ರಮ್ಮ ಒಂದು ದಿನ ನಕ್ಕರು. ನಾನು ನಗಲಿಲ್ಲ. ಅವರೂ ನಗು ನಿಲ್ಲಿಸಿ, ನರ್ಸನ್ನು ಹೊರಗೆ ಕಳಿಸಿದರು. "ಈ ಕಾಯಿಲೆ ಇರೋ ಗಂಡಸರನ್ನೆಲ್ಲ ಕೇಳ್ತೀನಿ, ನಾಚ್ಕೋಬೇಡಿ. ಬೆಳಿಗ್ಗೆ ಎಚ್ಚರಾದಾಗ ಗಟ್ಟಿಯಾಗುತ್ತಾ? ಉಚ್ಚೆ ತಡಿಯೋಕಾಗುತ್ತಾ? ಯಾವಾಗಿಂದ ಹೀಗೆ?"

ಕಿವಿ ಬಿಸಿಯಾಯಿತು. ಒಬ್ಬ ಹೆಂಗಸಿನ ಮುಂದೆ... ಆದರೂ ಆವತ್ತು ಸುಳ್ಳು ಬರಲಿಲ್ಲ.

ಅಲ್ಲಿಗೇ ತೀರ್ಮಾನ ಹೇಳಲಿಲ್ಲ ಅವರು. ಬಿ.ಪಿ. ನೋಡಿದರು, ಶುಗರ್, ಹಾರ್ಮೋನು ಅಂತ ರಕ್ತಪರೀಕ್ಷೆ ಬರೆದುಕೊಟ್ಟರು, ನಾನು ನುಂಗುತ್ತಿದ್ದ ಮಾತ್ರೆಗಳನ್ನೆಲ್ಲ ಟೇಬಲ್ ಮೇಲೆ ಸುರಿಸಿ ಒಂದೊಂದೇ ಓದಿದರು. ಮುಂದಿನ ವಾರ ಹೆಂಡತಿಯನ್ನೂ ಕೂರಿಸಿಕೊಂಡು ಹೇಳಿದರು: "ಇದೂ ಆ ನರದ ಕಾಯಿಲೆದೇ ಮಾರಾಯ್ರೆ. ಔಷಧಿ ಇದೆ, ನೋಡೋಣ."

ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಾನೇ ಬೇಡ ಆದೆ ಅಂದ್ಕೊಂಡಿದ್ದೆ ಡಾಕ್ಟ್ರೇ."

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಕೇಳಿದಳು, "ಇನ್ನೂ ಸ್ವಾಮಿ ಅಂತನೇ ಕರೀಬೇಕಾ?"

"ಬೇಡ ಮಾರಾಯ್ತಿ" ಅಂದೆ. ದೇವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕಿ ಮಾಲೆ ಇಳಿಸಿದೆ. ಮಾತ್ರೆ ಕೆಲವು ದಿನ ಹಿಡಿಯಿತು, ಕೆಲವು ದಿನ ಇಲ್ಲ. ಚಾಪೆ ಮಾತ್ರ ಮತ್ತೆ ಬೇರೆಯಾಗಲಿಲ್ಲ.

ಡಾಕ್ಟ್ರಮ್ಮ ತೀರಿಕೊಂಡು ಎರಡು ವರ್ಷವಾಯಿತು. ಅದೇ ರೂಮಿನಲ್ಲಿ ಈಗ ಹೊಸಬರಿದ್ದಾರೆ, ಒಳ್ಳೆಯ ಹುಡುಗ. ಕಂಪ್ಯೂಟರ್ ನೋಡುತ್ತಲೇ ಕೇಳಿದರು, "ಬೇರೆ ಏನಾದ್ರೂ ತೊಂದರೆ?"

"ಏನಿಲ್ಲ" ಅಂದೆ.

"ಇದೆ, ಹೇಳ್ರೀ" ಅಂದಳು ಪಕ್ಕದಲ್ಲಿದ್ದ ಹೆಂಡತಿ.

ಹೇಳಿದೆ. ಡಾಕ್ಟ್ರಮ್ಮನ ಹತ್ತಿರ ಬಂದಷ್ಟು ಸಲೀಸಾಗಿ ಮಾತು ಬರಲಿಲ್ಲ...