ಎಡಕ್ಕೆ ಬಾಯಿ ತೆರೆದ ಚಿಪ್ಪು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬಾಗಲಕೋಟೆಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಚರ್ಚಾಸ್ಪರ್ಧೆಗಳ ಗೆಲುವು ತಲೆಗೇರಿದ್ದ ಕಾಲ. ಕಾರವಾರ ಪ್ರವಾಸದಿಂದ ತಂದ ಮರಳಿನಲ್ಲಿ ಇಬ್ಬಿಬ್ಬರು ಸೇರಿ ಹತ್ತು ಚಿಪ್ಪು ಆರಿಸಿ, ಗುರುತಿಸಿ, ಚಿತ್ರ ಬಿಡಿಸಿ, ವಿವರ ಬರೆದು ಒಪ್ಪಿಸಬೇಕಿತ್ತು. ಅಂಕ ಇಬ್ಬರಿಗೂ ಒಂದೇ. ನನ್ನ ಜೋಡಿ ಇಳಕಲ್ಲಿನ ನೇಕಾರರ ಮನೆಯವನು. ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಗಲು ಅವನಿಗೆ ಆ ಅಂಕಗಳು ಬೇಕೇ ಬೇಕಿದ್ದವು. ನಾನು ಕಾನೂನು ಓದುವವನಿದ್ದೆ, ಪಾಸಾದರೆ ಸಾಕಿತ್ತು.

ಒಂಬತ್ತು ಸಲೀಸಾಗಿ ಮುಗಿದವು. ಹತ್ತನೆಯದು ಜೋಳದ ಕಾಳಿಗಿಂತ ಸಣ್ಣ, ಕಂದು ಬಣ್ಣದ ಕಡಲ ಬಸವನಹುಳುವಿನ ಚಿಪ್ಪು. ಸಪೂರವಾದ ಗೋಪುರ, ಪ್ರತಿ ಸುತ್ತಿಗೂ ಮಣಿ ಪೋಣಿಸಿದಂಥ ಮೂರು ಸಾಲು. ಕೈಪಿಡಿಯ ಪ್ರಕಾರ ಇಂಥವು ಎರಡು ಕುಲ, ನೋಡಲು ಅವಳಿಜವಳಿ. ಬಾಯಿ ಎಡಕ್ಕಿದ್ದರೆ ಟ್ರೈಫೋರಾ, ಬಲಕ್ಕಿದ್ದರೆ ಸೆರಿತಿಯೊಪ್ಸಿಸ್.

ಚಿಮಟದಲ್ಲಿ ಹಿಡಿದು ಮಸೂರದಲ್ಲಿ ನೋಡಿದೆ. ಎಡಕ್ಕಿತ್ತು.

“ಬಲಕ್ಕೈತಲೇ,” ಎಂದ ಅವನು, ತಾನು ಹಿಡಿದು ನೋಡಿ.

“ನಿನ್ನ ಎಡಗೈ ಯಾವುದು, ಅದನ್ನ ತೋರಿಸು ಮೊದ್ಲ.”

“ನೂಲಿನ ಹುರಿ ಎತ್ತ ತಿರುಗೇತಿ ಅಂತ ನೋಡ್ಕೋತ ಬೆಳದಾಂವ ನಾ. ನೀ ತಲಿಕೆಳಗ ಹಿಡದೀ, ಅದಕ್ಕ ಹಂಗ ಕಾಣ್ತೈತಿ.”

“ತಲಿಕೆಳಗ ಹಿಡದಾಂವ ನೀನ. ಇಲ್ಲಂತ ಪ್ರಮಾಣ ಕೊಡು. ಮಗ್ಗದ ಮಾತು ಬ್ಯಾಡ.”

ಪ್ರಮಾಣ ಅವನ ಬಳಿ ಇರಲಿಲ್ಲ. ನನ್ನ ಬಳಿಯೂ ಇರಲಿಲ್ಲ, ಆದರೆ ಅದನ್ನು ಅವನು ಕೇಳಲಿಲ್ಲ. ಅರ್ಧ ತಾಸಿನ ಮೇಲೆ, “ಆತು ಬಿಡಪಾ, ನಿನ್ನ ಕೂಡ ಯಾರ್ ಹೊಡದಾಡಬೇಕು,” ಎಂದು, ನಾನು ಟ್ರೈಫೋರಾ ಅಂತ ಬರೆದ ಹಾಳೆಗೆ ಸಹಿ ಹಾಕಿದ.

ಮರುವಾರ ನಮ್ಮ ಅಧ್ಯಾಪಕರು ನಾನು ಬಿಡಿಸಿದ್ದ ಚಿತ್ರ ನೋಡಿದ್ದೇ ನನ್ನತ್ತ ತಿರುಗಿದರು. “ನಿಮ್ಮನ್ಯಾಗ ಶಂಖ ಊದ್ತಾರೇನು?”

ಊದುತ್ತಿದ್ದರು. ಬಾದಾಮಿಯ ನಮ್ಮ ಮನೆಯಲ್ಲಿ ಶಂಖ ಹಿಡಿಯುವುದೇ ಹಾಗೆ: ಸುತ್ತಿನ ತುದಿ ಕೆಳಗೆ ತುಟಿಗೆ, ಮೂತಿ ಮೇಲಕ್ಕೆ. ಆ ಚಿಪ್ಪನ್ನೂ ಹಾಗೇ ಹಿಡಿದಿದ್ದೆ. ಪ್ರಾಣಿಶಾಸ್ತ್ರದಲ್ಲಿ ಚೂಪು ತುದಿ ಮೇಲಿರಬೇಕು. ಕೈಪಿಡಿಯ ಮೊದಲ ಪುಟದಲ್ಲೇ ಇತ್ತು, ನಾನು ಓದಿರಲಿಲ್ಲ. ಮನೆಯವರೊಡನೆ ವಾದ ಮಾಡಿ ಪೂಜೆಗೆ ಕೂರುವುದನ್ನು ಎಂದೋ ಬಿಟ್ಟಿದ್ದೆ. ಕೈ ಮಾತ್ರ ಬಿಟ್ಟಿರಲಿಲ್ಲ.

“ನಂದ ತಪ್ಪರಿ. ಇವ ಬಲಕ್ಕ ಅಂತನ ಹೇಳಿದ್ದ,” ಎಂದೆ.

“ಮತ್ತ ನೀ ಸಹಿ ಯಾಕ ಮಾಡ್ದಿ?” ಅವನನ್ನು ಕೇಳಿದರು.

“ಮಾತಿನ್ಯಾಗ ಸೋತೆರಿ.”

“ಚಿಪ್ಪಿನ್ಯಾಗ ಸೋತಿಲ್ಲಲ್ಲ?”

ಅವನ ಮುಂದೆ ಬೇರೊಂದು ಚಿಪ್ಪು, ಖಾಲಿ ಹಾಳೆ ಇಟ್ಟು ನನ್ನನ್ನು ಹೊರಗೆ ಕಳಿಸಿದರು. ಮುಕ್ಕಾಲು ತಾಸಿಗೆ ಅವನು ಹೊರಬಂದ. ಸುತ್ತು, ಮಣಿಸಾಲು, ಬಾಯಿ, ಎಲ್ಲ ಸರಿ ಬರೆದಿದ್ದ. ಅವನಿಗೆ ಪೂರ್ತಿ ಅಂಕ, ನನ್ನ ಹತ್ತನೆಯ ಚಿಪ್ಪಿಗೆ ಸೊನ್ನೆ.

ಒಬ್ಬನಿಗೆ ಮಾತ್ರ ಎರಡನೇ ಅವಕಾಶ ಕೊಡುವುದು ಯಾವ ನ್ಯಾಯ ಎಂದು ಕೇಳಬಹುದಿತ್ತು. ವಾದಕ್ಕೆ ಮೂರು ಅಂಶಗಳು ಆಗಲೇ ಸಿದ್ಧವಾಗಿದ್ದವು. ಬಾಗಿಲತ್ತ ಹೆಜ್ಜೆ ಇಟ್ಟಾಗ ಅವನು ನನ್ನ ತೋಳು ಹಿಡಿದ.

“ಒಳಗ ಹೋಗಬ್ಯಾಡ. ನೀ ಬಾಯಿ ತಗದ್ರ ನನ್ನ ಮಾರ್ಕ್ಸೂ ಹೋಗ್ತಾವ.”

ನಾನು ಹೋಗಲಿಲ್ಲ.