ನೀಲಕ್ಕ ತೆಗೆಯದ ಫೋಟೋ

ನಮ್ಮ ನೀಲಕ್ಕ ಯಾವ ಕೆಲಸಕ್ಕೂ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಸ್ನಾನ, ಊಟ, ಓಣಿಯ ಹೆಣ್ಣುಮಕ್ಕಳ ಜೊತೆ ಮಾತು, ಎಲ್ಲಕ್ಕೂ ಅಷ್ಟೇ. ಒಮ್ಮೆ ಬಾದಾಮಿಗೆ ಕರೆದುಕೊಂಡು ಹೋದೆ. ನಾನು ಮೊದಲನೆಯ ಗುಹೆಯ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕೂತಿದ್ದಾಗಲೇ ಅವರು ನಾಲ್ಕೂ ನೋಡಿಕೊಂಡು ಇಳಿದು ಬರುತ್ತಿದ್ದರು. “ಏಳು ಕಾನ್ವೆಂಟ್, ಬಸ್ ತಪ್ಪತೈತಿ,” ಎಂದರು.

ಅವರು ನನ್ನ ಗಂಡನ ಅಕ್ಕ. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿ, ಕೆಮಿಸ್ಟ್ರಿ ಓದಿ, ಪರದೇಶದ ಒಂದು ಲ್ಯಾಬಿನಲ್ಲಿ ಸೈಂಟಿಸ್ಟ್ ಆಗಿದ್ದರು. ಮದುವೆಯಾಗಲಿಲ್ಲ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳೆಂದು ನನಗೆ ಆ ಹೆಸರು. ಎರಡು ವರ್ಷಕ್ಕೊಮ್ಮೆ, ಒಂದು ತಿಂಗಳು ಬಂದು ಇರುತ್ತಿದ್ದರು.

ಆ ಅವಸರವೆಲ್ಲ ರಿಸರ್ಚ್ ಕಲಿಸಿದ್ದು. ಮಿದುಳಿನ ಜೀವಕೋಶಗಳ ಮೇಲೆ ರಿಸೆಪ್ಟರ್ ಎಂಬ ಸಣ್ಣ ಸಣ್ಣ ತಾಣಗಳಿವೆಯಂತೆ. ಅಲ್ಲಿಗೇ ಹೋಗಿ ಕೂಡುವಂಥ ಔಷಧಕ್ಕೆ ರೇಡಿಯೋ ಆಕ್ಟಿವ್ ಕಾರ್ಬನ್ ಸೇರಿಸಿ, ರಕ್ತಕ್ಕೆ ಬಿಟ್ಟು, ಬದುಕಿರುವ ಮನುಷ್ಯನ ತಲೆಯ ಫೋಟೋ ತೆಗೆಯುವುದು ಅವರ ಕೆಲಸ. ಆ ಕಾರ್ಬನ್ ಇಪ್ಪತ್ತು ನಿಮಿಷಕ್ಕೆ ಅರ್ಧ ಸತ್ತುಹೋಗುತ್ತದೆ, ಇನ್ನಿಪ್ಪತ್ತಕ್ಕೆ ಉಳಿದದ್ದರಲ್ಲಿ ಅರ್ಧ. ಅದನ್ನು ಸೀಸದ ಡಬ್ಬಿಯಲ್ಲಿಟ್ಟುಕೊಂಡು ಕಾರಿಡಾರಿನಲ್ಲಿ ಓಡುತ್ತೇನೆ ಎನ್ನುತ್ತಿದ್ದರು.

“ಸೀರಿ ಉಟ್ಕೊಂಡು ಹೆಂಗ ಓಡ್ತೀರಿ?” ಎಂದು ಕೇಳಿದೆ.

“ಕಚ್ಚಿ ಹಾಕ್ತೇನಿ.”

ಖರೆಯೋ ಚೇಷ್ಟೆಯೋ, ನನಗೆ ಈಗಲೂ ಗೊತ್ತಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಅವರು ಬಂದಾಗ ನಮ್ಮ ಮಾವನವರಿಗೆ ಕೈ ನಡುಕ ಹತ್ತಿ ಮೂರು ವರ್ಷವಾಗಿತ್ತು. ಪಾರ್ಕಿನ್ಸನ್ಸ್ ಎಂದು ಹೇಳಿ ಡಾಕ್ಟರು ಗುಳಿಗೆ ಕೊಟ್ಟಿದ್ದರು. ಇಳಕಲ್ ಸೀರೆಗೆ ಸೆರಗಿನ ರೇಷ್ಮೆ ಎಳೆಗಳನ್ನು ಮೈಯ ಎಳೆಗಳಿಗೆ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಬೇಕು. ಮಾವನವರ ಕೈ ಹೆಸರಾದದ್ದೇ ಅದಕ್ಕೆ. ಈಗ ಒಂದು ಕೊಂಡಿಯೂ ಕೂಡುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರನ್ನು ತಿಂದದ್ದು ಓಣಿಯ ಮಾತು: ಮುದುಕ ಕುಡಿಯಲು ಕಲಿತಿದ್ದಾನೆ ಎಂದು. ಲಿಂಗಪೂಜೆ ಆಗದೆ ತುತ್ತು ಎತ್ತದ ಮನುಷ್ಯ, ಮಠಕ್ಕೆ ಹೋಗುವುದನ್ನೇ ಬಿಟ್ಟರು.

ಒಂದು ಮಧ್ಯಾಹ್ನ ನೀಲಕ್ಕ ಪರ್ಸಿನಿಂದ ಕಲರ್ ಫೋಟೋ ಒಂದನ್ನು ತೆಗೆದು ಅವರ ಮುಂದೆ ಹಿಡಿದರು. ಕಪ್ಪಿನ ನಡುವೆ ಕೆಂಪಗೆ ಎರಡು ಮಚ್ಚೆ.

“ಇದ ರೋಗ ಇದ್ದವರ ತಲಿ ಅಪ್ಪಾ. ಈ ಕೆಂಪಗ ಕಾಣೂವು ಕೊಂಡಿ, ಎಲ್ಲಾ ನೆಟ್ಟಗ ಅದಾವು ನೋಡು. ಅವಕ್ಕ ಬರೋ ಎಳಿ ಕಡಿಮಿ ಆಗ್ಯಾವು, ಅಷ್ಟ. ನಿನ್ನ ಗುಳಿಗಿ ಆ ಎಳಿ ಒದಗಸ್ತಾವು.”

ಮಾವನವರು ಭಾಳ ಹೊತ್ತು ನೋಡಿದರು. “ಯಾರವ್ವಾ ಇವರು?”

“ಹೆಸರು ಹೇಳಂಗಿಲ್ಲ. ನಂಬರ್ ಅಷ್ಟ ಇರತೈತಿ.”

“ಈಗ ಕೈ ಹೆಂಗೈತಿ ಅವರದು?”

ನೀಲಕ್ಕನಿಗೆ ಗೊತ್ತಿರಲಿಲ್ಲ.

“ನಂದೂ ಒಂದು ತಗಿ,” ಎಂದರು ಮಾವನವರು. “ಕಟ್ಟು ಹಾಕಿಸಿ ಪಡಸಾಲ್ಯಾಗ ತೂಗ ಹಾಕ್ತೇನಿ. ಕುಡುದು ನಡಗೂದಲ್ಲಂತ ಬಂದವರು ನೋಡ್ಲಿ.”

“ಆ ಔಷಧ ಇಲ್ಲೀತನ ಬರೂದಿಲ್ಲಪಾ. ದಾರ್ಯಾಗ ಸಾಯತೈತಿ.”

“ಅದು ಬರದಿದ್ರ ನಾ ಬರ್ತೇನಿ. ಹುನಗುಂದ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿ ಬಂದಾಂವ, ವಿಮಾನಕ್ಕ ಅಂಜತೇನೇನು?”

ನಾನು ನಕ್ಕೆ. ನೀಲಕ್ಕ ನಗಲಿಲ್ಲ. “ಫೋಟೋಕ್ಕ ಮೊದಲ ಗುಳಿಗಿ ನಿಲ್ಲಸಬೇಕಾಗತೈತಿ. ಮೈ ಕಟಗಿ ಆಗತೈತಿ, ಮಗ್ಗಲಾ ಹೊಳ್ಳಾಕೂ ಬರೂದಿಲ್ಲ. ಅದು ಬ್ಯಾಡ.”

“ಈ ನಂಬರಿನವರಿಗೂ ನಿಲ್ಸಿದ್ದೇನು?”

“ಹೂಂ.”

“ಅವರ ಮಗಳು ಒಪ್ಪಿದ್ಲಾ?”

“ಅವರು ಒಪ್ಪಿ ಸಹಿ ಮಾಡಿದ್ರು. ಮಗಳನ್ನ ನಾ ಕೇಳಲಿಲ್ಲ,” ಎಂದು ನೀಲಕ್ಕ ಫೋಟೋವನ್ನು ಪರ್ಸಿಗೆ ಹಾಕಿಕೊಂಡು ಎದ್ದು ಹಿತ್ತಲಿಗೆ ಹೋದರು. ಮಾವನವರು ಮತ್ತೆ ಆ ವಿಷಯ ಎತ್ತಲಿಲ್ಲ. ಮರುವರ್ಷ ಲಿಂಗೈಕ್ಯರಾದರು. ಓಣಿ ತಾನು ನಂಬಿದ್ದನ್ನೇ ನಂಬಿಕೊಂಡು ಉಳಿಯಿತು.

ಅದಾದ ಮೇಲೆ ನೀಲಕ್ಕ ಒಂದೇ ಸಲ ಬಂದರು. ಹೊರಟಾಗ ಕಳಿಸಲು ನಾನು ಬಾಗಲಕೋಟೆ ಸ್ಟೇಷನ್ನಿನವರೆಗೂ ಹೋದೆ. ಬೆಂಚಿನ ಮೇಲೆ ಕೂತು ಹೇಳಿದರು: “ಈಗೀಗ ಫೋಟೋ ತಗಿಯುವಾಗ ನಾ ಒಳಗ ಕೂಡ್ತೇನಿ, ಕಾನ್ವೆಂಟ್. ಒಂದೂವರಿ ತಾಸು. ಅವರು ತಲಿ ಅಲ್ಲಾಡಸಂಗಿಲ್ಲ. ಕೈ ನಡಗತೈತಿ. ಹಿಡಕೊಂಡು ಕೂಡ್ತೇನಿ.”

“ಅದು ನಿಮ್ಮ ಡ್ಯೂಟಿ ಏನ್ರಿ?”

“ಅಲ್ಲ. ಬಾಸ್ ಬೈತಾನ. ಹಿಂದಿನ ದಿನ ಮನಿಯವರಿಗೂ ಫೋನ್ ಮಾಡಿ ಕೇಳ್ತೇನಿ. ಒಬ್ಬೊಬ್ಬರು ಬ್ಯಾಡ ಅಂತಾರ. ಬಿಟ್ಟಬಿಡ್ತೇನಿ.”

ಬ್ಯಾಗ್ ಹೆಗಲಿಗೆ ಹಾಕಿಕೊಂಡು ಕೇಳಿದರು: “ಅಪ್ಪನ್ನ ಕರಕೊಂಡು ಹೋಗಬೇಕಿತ್ತೇನು?”

ಎರಡೆರಡು ಭಾಷೆ ಓದಿದವಳು ನಾನು, “ಐ ಡೋಂಟ್ ನೋ, ನೀಲಕ್ಕಾ,” ಎಂದುಬಿಟ್ಟೆ. ಗಾಡಿ ಬಂತು. ಹತ್ತಿ ಹೋದರು. ಮುಂದಿನ ಸಲ ಬರುವ ಮೊದಲೇ ಅವರು ತೀರಿಕೊಂಡರೆಂದು ಲ್ಯಾಬಿನಿಂದ ಕಾಗದ ಬಂತು.

ನನಗೀಗ ಆಗಿನ ನೀಲಕ್ಕನಿಗಿಂತ ಎಷ್ಟೋ ಹೆಚ್ಚು ವಯಸ್ಸು. ಈಗ ಕೇಳಿದ್ದರೆ ಹೇಳುತ್ತಿದ್ದೆ: ಹೌದು ನೀಲಕ್ಕಾ, ಹೋಗಬೇಕಿತ್ತು. ನಾನೂ ಬರುತ್ತಿದ್ದೆ. ಇನ್ನೊಂದು ಕೈ ನಾ ಹಿಡಕೊಂಡು ಕೂಡ್ತಿದ್ದೆ.